ಹೆಸರು ಹೇಳುವವರು ಹೊಸ ಪೋಪ್ ಅಲ್ಲ

ಹೊಸ ಪೋಪ್ ಆಯ್ಕೆಯ ಘೋಷಣೆ ಕುರಿತ ನಿಮ್ಮ ಲೇಖನ ಇಷ್ಟವಾಯಿತು. ಆದರೆ ‘ಹೊಸ ಪೋಪ್ ಬಾಲ್ಕನಿಗೆ ಬಂದು ತಮ್ಮ ಹೆಸರನ್ನು ಪ್ರಕಟಿಸುತ್ತಾರೆ’ ಎಂಬ ಸಾಲನ್ನು ದಯವಿಟ್ಟು ತಿದ್ದಿ. ಆ ಕೆಲಸ ಕಾರ್ಡಿನಲ್ ಡೀಕನ್‌ಗಳಲ್ಲಿ (ಪೋಪ್‌ಗೆ ನೆರವಾಗುವ ಉನ್ನತ ಧರ್ಮಗುರುಗಳಾದ ಕಾರ್ಡಿನಲ್‌ಗಳ ಒಂದು ದರ್ಜೆ) ಹಿರಿಯರಾದವರದು. 2025ರ ಮೇ 8ರಂದು ಅದನ್ನು ಮಾಡಿದವರು ಫ್ರೆಂಚ್ ಕಾರ್ಡಿನಲ್ ಡೊಮಿನಿಕ್ ಮಾಂಬರ್ತಿ. ‘ನಿಮಗೆ ಮಹಾ ಸಂತೋಷದ ಸುದ್ದಿ ಸಾರುತ್ತೇನೆ’ ಎಂದು ಶುರು, ಆಮೇಲೆ ‘ಹಬೇಮುಸ್ ಪಾಪಾಮ್’, ಅಂದರೆ ನಮಗೆ ಪೋಪ್ ಸಿಕ್ಕಿದ್ದಾರೆ. ಮೊದಲ ಮಾತು ಲೂಕನ ಸುವಾರ್ತೆಯಲ್ಲಿ ದೇವದೂತ ಕುರುಬರಿಗೆ ಹೇಳಿದ್ದನ್ನೇ ನೆನಪಿಸುತ್ತದೆ. ಅಲ್ಲಿ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಸೊಗಸು ವ್ಯಾಕರಣದ್ದು. ಆಯ್ಕೆಯಾದವರ ಮೊದಲ ಹೆಸರು ಲ್ಯಾಟಿನ್‌ಗೆ ತಿರುಗಿ ದ್ವಿತೀಯಾ ವಿಭಕ್ತಿಯಲ್ಲಿ ಬರುತ್ತದೆ: 2025ರಲ್ಲಿ ಆಯ್ಕೆಯಾದ ರಾಬರ್ಟ್ ಫ್ರಾನ್ಸಿಸ್ ಪ್ರೆವೋಸ್ಟ್ ಅವರ ವಿಷಯದಲ್ಲಿ ‘ರಾಬರ್ಟ್ ಫ್ರಾನ್ಸಿಸ್’ ಅಲ್ಲ, ‘ರೊಬೆರ್ತುಮ್ ಫ್ರಾಂಚಿಸ್ಕುಮ್’. ಆಮೇಲೆ ಬರುವ ಮನೆತನದ ಹೆಸರು ಪ್ರೆವೋಸ್ಟ್ ಮಾತ್ರ ಹಾಗೇ ಉಳಿಯುತ್ತದೆ. ಹೀಗಾಗಿ ಚೌಕದಲ್ಲಿ ನಿಂತವರು ಮೊದಲ ಹೆಸರು ಕೇಳಿದ ಕ್ಷಣದಿಂದಲೇ ಇವರೇ ಇರಬಹುದೇ ಎಂದು ಊಹಿಸತೊಡಗುತ್ತಾರೆ. 1978ರ ಅಕ್ಟೋಬರ್‌ನಲ್ಲಿ ಘೋಷಣೆ ಮಾಡಿದ ಕಾರ್ಡಿನಲ್ ಪೆರಿಕ್ಲೆ ಫೆಲಿಚಿ ‘ಕಾರೊಲುಮ್’ ಎಂದಾಗ ಅಲ್ಲಿದ್ದ ಬಹಳ ಮಂದಿಗೆ ಕರೋಲ್ ವೊಯ್ಟಿವಾ (ಎರಡನೇ ಜಾನ್ ಪಾಲ್ ಆದವರು) ಯಾರೆಂದೇ ತಿಳಿಯಲಿಲ್ಲ. ಪೋಪ್ ಆಗಿ ಆರಿಸಿಕೊಂಡ ಹೆಸರು ಬರುವುದು ಕಟ್ಟಕಡೆಗೆ. 2025ರಲ್ಲಿ ಅದು ಹದಿನಾಲ್ಕನೇ ಲಿಯೊ.