ಜೀನಿನವರೆಗೆ ಇಳಿಯುವ ಚಹಾ

ಕಾಫಿಯ ನಿರೀಕ್ಷೆಯಲ್ಲಿ ಕುಳಿತಿದ್ದ ನನ್ನ ಮುಂದೆ ತಿಳಿಹಸಿರು ನೀರಿನ ಲೋಟವೊಂದನ್ನು ಇಟ್ಟ ನಾದಿನಿ, "ಕುಡಿಯಿರಿ ಭಾವ, ಈ ಗ್ರೀನ್ ಟೀ ಉರಿಯೂತವನ್ನು ಜೀನ್ ಮಟ್ಟದಲ್ಲೇ ತಡೆಯುತ್ತದೆ" ಎಂದಳು. ನೋಯುತ್ತಿದ್ದುದು ಮಂಡಿ, ಬೇಕಾಗಿದ್ದುದು ಡಿಕಾಕ್ಷನ್. ಇವೆರಡರ ನಡುವೆ ಜೀನು ಬಂದು ಕುಳಿತದ್ದು ನನಗೆ ಹಿಡಿಸಲಿಲ್ಲ.

ಆ ಮಾತನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಲಾಗದು ಎಂಬುದೇ ಹೆಚ್ಚಿನ ಕಿರಿಕಿರಿ. ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ 1986ರಲ್ಲಿ ಗುರುತಿಸಿದ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಜೀವಕೋಶದೊಳಗೆ ಮತ್ತೊಂದು ಪ್ರೋಟೀನು ಹಿಡಿದಿಟ್ಟಿರುತ್ತದೆ. ಅಪಾಯದ ಸೂಚನೆ ಬಂದೊಡನೆ ಕಿಣ್ವವೊಂದು ಆ ಹಿಡಿತವನ್ನು ಕಳಚುತ್ತದೆ, ಬಿಡುಗಡೆಗೊಂಡದ್ದು ಕೋಶಕೇಂದ್ರಕ್ಕೆ ನುಗ್ಗಿ ಉರಿಯೂತದ ಜೀನುಗಳನ್ನು ಎಬ್ಬಿಸುತ್ತದೆ. ಗ್ರೀನ್ ಟೀಯಲ್ಲಿರುವ ಇಜಿಸಿಜಿ, ಅಂದರೆ ಕ್ಯಾಟೆಚಿನ್ ಎಂಬ ಸಸ್ಯ ರಾಸಾಯನಿಕಗಳ ಗುಂಪಿಗೆ ಸೇರಿದ ಒಂದು ವಸ್ತು, ಆ ಕಿಣ್ವಕ್ಕೇ ಅಡ್ಡಿಯಾಗುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಈ ಕ್ಯಾಟೆಚಿನ್ನುಗಳ ಮಾತು ಬಂದಾಗ ವಿಜ್ಞಾನಿ ಮಿಚಿಯೊ ತ್ಸುಜಿಮುರಾ ಅವರನ್ನು ಯಾರೂ ನೆನೆಯುವುದಿಲ್ಲವೆಂಬುದು ನನ್ನ ಖಾಸಗಿ ಸಿಟ್ಟು. 1888ರಲ್ಲಿ ಜಪಾನಿನ ಸೈತಾಮಾದಲ್ಲಿ ಹುಟ್ಟಿದ ಈಕೆ 1920ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿಗಳಾಗಿ ಪ್ರವೇಶವಿರಲಿಲ್ಲ. ಸಂಬಳವಿಲ್ಲದ ಸಹಾಯಕಿಯಾಗಿ ರೇಷ್ಮೆಹುಳುಗಳ ಪೋಷಣೆಯನ್ನು ಅಭ್ಯಸಿಸಿದರು. ಅಲ್ಲಿಂದ ಟೋಕಿಯೊಗೆ ಹೋದರೆ, 1923ರ ಮಹಾಭೂಕಂಪ ಪ್ರಯೋಗಾಲಯವನ್ನೇ ನೆಲಸಮ ಮಾಡಿತು. ರಿಕೆನ್ ಎಂಬ ಸಂಶೋಧನಾ ಸಂಸ್ಥೆಗೆ ತೆರಳಿ, ಉಮೆತಾರೊ ಸುಜುಕಿಯವರ ಕೈಕೆಳಗೆ ಮತ್ತೆ ಕೆಲಸ ಹಿಡಿದ ಅವರು, ಮರುವರ್ಷವೇ ಸೈತಾರೊ ಮಿಯುರಾ ಅವರೊಡನೆ ಗ್ರೀನ್ ಟೀಯಲ್ಲಿ ವಿಟಮಿನ್ ಸಿ ಇರುವುದನ್ನು ಕಂಡುಹಿಡಿದರು. 1929ರಲ್ಲಿ ಅದರಿಂದ ಕ್ಯಾಟೆಚಿನ್ನನ್ನು ಬೇರ್ಪಡಿಸಿದರು. 1932ರಲ್ಲಿ ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆಯಾದರು. ಇಷ್ಟೆಲ್ಲ ಆದ ಮೇಲೂ, ಚಹಾದ ಪೊಟ್ಟಣಗಳ ಮೇಲೆ ನಮಗೆ ಕಾಣಸಿಗುವುದು ಯಾವುದೋ ತೆಳುಸೊಂಟದ ಯುವತಿ!

ಇರಲಿ, ಜೀನಿಗೆ ಮರಳೋಣ. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಸುರಿಯುವ ಇಜಿಸಿಜಿಯ ಸಾಂದ್ರತೆ ಅನೇಕ ವೇಳೆ 10ರಿಂದ 100 ಮೈಕ್ರೊಮೋಲಾರ್. ಒಂದೆರಡು ಲೋಟ ಕುಡಿದವರ ರಕ್ತದಲ್ಲಿ ಅದು ಸಾಮಾನ್ಯವಾಗಿ 1ನ್ನೂ ಮುಟ್ಟುವುದಿಲ್ಲ. ಮನುಷ್ಯರ ರಕ್ತದಲ್ಲಿ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು ಅಳೆದು ನೋಡಿದ ಅಧ್ಯಯನಗಳೂ ಒಂದೇ ಮಾತನ್ನು ಹೇಳಿಲ್ಲ. ಹಾಗಾದರೆ ಸಾರವನ್ನೇ ಗುಳಿಗೆ ಮಾಡಿ ನುಂಗೋಣವೆನ್ನುವ ಅವಸರದವರೂ ಇದ್ದಾರೆ. ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಸೇವಿಸಿದವರಲ್ಲಿ ಯಕೃತ್ತಿನ ಕಿಣ್ವಗಳು ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಎತ್ತಿ ತೋರಿಸಿತು. ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ಚಹಾವನ್ನು ಮಾತ್ರ ಅದು ಸಾಮಾನ್ಯವಾಗಿ ಸುರಕ್ಷಿತವೆಂದಿತು. ಸುರಕ್ಷಿತವೆಂಬ ಒಂದೇ ಗುಣಕ್ಕಾಗಿ ಕುಡಿಯಬೇಕಾದರೆ, ಆ ಎಲೆಯನ್ನು ಹಾಕುವುದಕ್ಕೆ ಮೊದಲಿನ ಬಿಸಿನೀರೂ ನನಗೆ ಸಾಕಾಗುತ್ತಿತ್ತು. ಅದಕ್ಕೆ ಕಹಿಯಾದರೂ ಇರುವುದಿಲ್ಲ.