ಆ ಕಪಾಟು ಎರಡನೇ ಪುಸ್ತಕದಾಗನ ಇತ್ತಲ್ರೀ!

ಹ್ಯಾರಿ ಪಾಟರ್ ಮತ್ತ ಮೊದಲಿಂದ ಓದಾಕತ್ತೇನಿ ಅಂದ್ರ ನಮ್ಮ ಆಫೀಸಿನ್ಯಾಗ ಒಬ್ರು "ಕಡೀಕ ಯಾರ್ ಸಾಯ್ತಾರಂತ ಗೊತ್ತಿದ್ದ ಮ್ಯಾಲ ಏನ್ ಮಜಾ ಬರ್ತೈತ್ರೀ ನಿಮಗ" ಅಂದ್ರು. ಮಜಾ ಇರೂದ ಅದರಾಗ್ರಿ! ಮೊದಲನೇ ಸಲ ಮುಂದೇನಾಕ್ಕೈತಿ ಅನ್ನೂ ಗಡಬಡ್ಯಾಗ ಅರ್ಧಾ ಪುಸ್ತಕ ಹಾರಿಸಿಕೊಂಡ ಹೋಗಿರ್ತೇವಿ. ಈ ಬಾಗಲಕೋಟಿ ಬ್ಯಾಸಗ್ಯಾಗ ಮಧ್ಯಾಹ್ನ ಹೊರಗ ಕಾಲಿಡಾಕ ಆಗಂಗಿಲ್ಲ, ಫ್ಯಾನಿನ ಕೆಳಗ ಸಾವಕಾಶ ಓದಿದ್ರ ಇದನ್ನ ಬರದ ರೌಲಿಂಗ್ ಎಷ್ಟ ಶಾಣ್ಯಾಕಿ ಅಂತ ತಿಳೀತೈತಿ. (ಓದಿರದವ್ರು ಇಲ್ಲೇ ನಿಲ್ರಿ, ಗುಟ್ಟೆಲ್ಲಾ ಬಿಚ್ಚಾಂವ ಅದೇನಿ.)

ನನಗ ಅನ್ಸೂದೇನಂದ್ರ ರೌಲಿಂಗ್ ಮಹತ್ವದ್ದನ್ನ ಯಾವತ್ತೂ ಗಂಭೀರ ಜಾಗಾದಾಗ ಇಡಂಗಿಲ್ಲ, ನಗೂ ಜಾಗಾದಾಗರೆ ಇಡ್ತಾಳ, ಇಲ್ಲಾ ಗುಜರಿ ಸಾಮಾನದಾಗರೆ ಒಗದಿರ್ತಾಳ. 1997ರ ಮೊದಲನೇ ಪುಸ್ತಕದಾಗ ಹ್ಯಾರಿ ಗೆಳೆಯ ರಾನ್‌ನ ಅಣ್ಣಂದಿರು, ವೀಸ್ಲಿ ಅವಳಿ ಹುಡುಗ್ರು, ಹಿಮದ ಉಂಡಿಗೆ ಮಂತ್ರ ಹಾಕಿ ಕ್ವಿರಲ್ ಮಾಸ್ತರನ ಪಟಗಾದ ಹಿಂದ ಬಡಿಯೂ ಹಂಗ ಮಾಡ್ತಾರ, ನಕ್ಕ ಮುಂದ ಹೋಗ್ತೇವಿ, ಆದ್ರ ಆ ಪಟಗಾದ ಹಿಂದ ಇದ್ದದ್ದ ಯಾರ ಮಾರಿ? ಹ್ಯಾರಿಯ ದೊಡ್ಡ ವೈರಿ, ಸಾಕ್ಷಾತ್ ವೋಲ್ಡೆಮಾರ್ಟನ ಮಾರಿಗೆ ಹೊಡದಾರ್ರೀ ಹುಡುಗ್ರು!

ಆ ಕಪಾಟಿನ ಕಥಿ ಕೇಳ್ರಿ. ಎರಡನೇದರಾಗ ಹ್ಯಾರಿ ದಾರಿ ತಪ್ಪಿ ಬೋರ್ಗಿನ್ ಅನ್ನಾವನ ಮಾಟದ ಸಾಮಾನಿನ ಅಂಗಡ್ಯಾಗ ಬಿದ್ದು ಒಂದ ಕರೀ ಕಪಾಟಿನ್ಯಾಗ ಅಡಗ್ತಾನ, ಬಾಗಿಲಾ ಸಂದಿ ಬಿಟ್ಟ ನೋಡ್ತಿರ್ತಾನ, ಶಾಲ್ಯಾಗ ಅವನ ವೈರಿ ಆಗಿದ್ದ ಡ್ರಾಕೋ ಅದರ ಹಿಡಿಕಿಗೆ ಕೈ ಹಾಕೂ ತನಕ ಬಂದಿರ್ತಾನ. ಅದ ಪುಸ್ತಕದಾಗ ಮುಂದ ಹ್ಯಾರಿನ್ನ ಉಳಸಾಕಂತ ನಿಕ್ ಅನ್ನೂ ದೆವ್ವ, ಕಿಡಿಗೇಡಿ ಭೂತ ಪೀವ್ಸ್‌ನ ಕಡಿಂದ ಅವರ ಜಾದೂ ಶಾಲಿ ಹಾಗ್ವರ್ಟ್ಸಿನ್ಯಾಗಿನ ಒಂದ ಕಪಾಟು ಕೆಡವಿಸಿ ಒಡಸ್ತಾನ. ಐದನೇದರಾಗ ಅವಳಿ ಹುಡುಗ್ರು ಒಬ್ಬಾವನ್ನ ಆ ಮುರಕ ಕಪಾಟಿನೊಳಗ ತುರಕ್ತಾರ. ಎಲ್ಲಾ ಕಡೆ ನಗಿನ ನಗಿ. ಆರನೇದರಾಗ, 2005ರಾಗ, ಡ್ರಾಕೋ ಅದನ್ನ ರಿಪೇರಿ ಮಾಡ್ತಾನ, ಅಂಗಡೀ ಕಪಾಟಿನ್ಯಾಗ ಹೊಕ್ರ ಶಾಲೀ ಕಪಾಟಿನ್ಯಾಗ ಹೊರಬೀಳೂ ಹಂಗ ಎರಡಕ್ಕೂ ದಾರಿ ಒಂದ ಅಂತ ಆಗ ತಿಳೀತೈತಿ, ಅದರಾಗ ಹಾಸಿ ವೈರಿಗಳು ಒಳಗ ಬರ್ತಾರ, ಅವತ್ತ ರಾತ್ರಿನ ಶಾಲೀ ಹೆಡ್‌ಮಾಸ್ತರ ಡಂಬಲ್‌ಡೋರ್ ಹೋದ. ಆ ದಿನ ಹ್ಯಾರಿ ಬಾಗಿಲಾ ಪೂರ್ತಿ ಹಾಕ್ಕೊಂಡಿದ್ರ ಸೀದಾ ಹಾಗ್ವರ್ಟ್ಸಿನ್ಯಾಗ ಬೀಳ್ತಿದ್ನೇನೋ, ಶಾಲೀ ಕಪಾಟು ಇನ್ನಾ ಒಡದಿರಲಿಲ್ಲಲ್ಲ!

ನಮ್ಮ ಇಳಕಲ್ ಸೀರ್ಯಾಗ ಮೈಯ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕಿ ಕೂಡಸ್ತಾರಲ್ಲ, ಉಟ್ಟಾಗ ಯಾರಿಗೂ ಕಾಣಂಗಿಲ್ಲ, ಈಕಿ ಪುಸ್ತಕಕ್ಕೂ ಪುಸ್ತಕಕ್ಕೂ ಹಾಕಿದ ಕೊಂಡಿನೂ ಹಂಗ.

ಐದನೇ ಪುಸ್ತಕ ಉದ್ದಾತು ಅಂತ ಎಲ್ಲಾರೂ ಬೈತಾರ, ನನಗ ಮಾತ್ರ ತಿರುಗಿ ಓದಾಕ ಅದ ಭಾರಿ ಅನಸ್ತೈತಿ. ಹ್ಯಾರಿಗೆ ತಂದಿ ಇದ್ದಂಗಿದ್ದ ಸಿರಿಯಸ್‌ನ ಮನಿ ಕಸಾ ತಗಿಯೂ ಮುಂದ ಯಾರಿಂದೂ ತೆರಿಯಾಕ ಆಗದ ಒಂದ ಲಾಕೆಟ್ ಸಿಗ್ತೈತಿ, ಒಂದ ಸಾಲು ಅಷ್ಟ, ಮುಂದ ಅದಕ್ಕ ಹ್ಯಾರಿ ಮತ್ತ ಅವನ ಗೆಳ್ಯಾರು ಜೀವಾ ಒತ್ತಿ ಇಟ್ಟ ಅಲಿತಾರ. ಹಂಗಂತ ಎಲ್ಲಾ ಮೊದಲ ಪ್ಲ್ಯಾನ್ ಮಾಡಿದ್ಲು ಅನ್ನೂ ಫ್ಯಾನ್‌ಗಳ ಭಕ್ತಿ ನನಗಿಲ್ಲ, ಕೆಲವು ಹಳೀ ಸಾಮಾನ ಆಮ್ಯಾಲ ಹುಡಿಕಿ ಬಳಸಿದ್ದ ಇರಬೇಕು, ಅದೂ ಒಂದ ಜಾಣತನ ಬಿಡ್ರಿ.

ನಮ್ಮಕ್ಕನ ಮಗಳು ಈಗ ಮೂರನೇದರಾಗ ಅದಾಳ. "ಮಾಮಾ, ಆ ಹರ್ಮಯೋನಿ ಬೆಕ್ಕಿಗೆ ಏನ್ ಬ್ಯಾನಿ, ಪಾಪ ರಾನ್‌ನ ಇಲಿ ಹಿಂದ ಯಾಕ ಬಿದ್ದೈತಿ" ಅಂತ ದಿನಾ ಕೇಳ್ತಾಳ. ಹೌದವ್ವಾ, ಭಾಳ ಕೆಟ್ಟ ಬೆಕ್ಕು ಅಂತ, ಆ ಇಲಿ ಗುಟ್ಟ ಬಿಟ್ಟಕೊಡದ, ಅನ್ಕೋತ ಕುಂತೇನಿ.