ಎಂಬತ್ತು ಪರ್ಸೆಂಟ್, ಯಾವುದರ ಮೇಲೆ?

ಅಮೆರಿಕದ ಔಷಧಿ ಕೂಪನ್ನುಗಳು ‘ಶೇ. 80ರವರೆಗೆ ಉಳಿತಾಯ’ ಎಂದು ದಪ್ಪಕ್ಷರದಲ್ಲಿ ಕೂಗುತ್ತವೆ. ಯಾವುದರ ಮೇಲೆ ಎಂಬತ್ತು? ಮಾತ್ರೆಯ ಸ್ಟ್ರಿಪ್ಪು ತಿರುಗಿಸಿ ಎಂಆರ್‌ಪಿ ನೋಡಿಯೇ ಅಭ್ಯಾಸವಾದ ನಮ್ಮವರಿಗೆ ಮೈ ಉರಿಯುವುದು ಇಲ್ಲೇ. ಅಲ್ಲಿ ಎಂಆರ್‌ಪಿ ಇಲ್ಲ. ಇರುವುದು ಅಂಗಡಿಯ ‘ಕ್ಯಾಶ್ ಪ್ರೈಸ್’, ಅಂದರೆ ಇನ್ಶೂರೆನ್ಸ್ ಇಲ್ಲದವರಿಗೆ ಹೇಳುವ ದರ. ಅದನ್ನು ಇಳಿಸಿದರೆ ಇನ್ಶೂರೆನ್ಸಿನವರೂ ಅಷ್ಟೇ ಕೊಡುತ್ತಾರೆಂಬ ಭಯಕ್ಕೆ ಅಟ್ಟಕ್ಕೇರಿಸಿಟ್ಟ ದರ. ಅದರಲ್ಲಿ ಎಂಬತ್ತು ಕಳೆದರೆ ಯಾರ ಗಂಟೇನು ಹೋಯಿತು?

ಇರಲಿ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವಿಷಯಕ್ಕೆ ಬರೋಣ. ಮಕ್ಕಳ ಮನೆಗೆ ಬಂದು, ಊರಿಂದ ತಂದ ಮಾತ್ರೆ ಮುಗಿಸಿಕೊಂಡ ಅಪ್ಪ-ಅಮ್ಮಂದಿರ ಚೀಟಿಯಲ್ಲಿ ಅದು ಇದ್ದೇ ಇರುತ್ತದೆ. (ಚೀಟಿ ಅಲ್ಲಿನ ಡಾಕ್ಟರದ್ದೇ ಆಗಬೇಕು.) ಮೆಟ್‌ಫಾರ್ಮಿನ್ ಇಆರ್ (ನಿಧಾನವಾಗಿ ಬಿಡುಗಡೆಯಾಗುವುದು) 500 ಎಂದರೆ ಒಂದಲ್ಲ, ಮೂರು ಬಗೆ. ಗ್ಲೂಕೋಫೇಜ್ ಎಕ್ಸ್‌ಆರ್ ಎಂಬ ಬ್ರಾಂಡಿನ ಜೆನೆರಿಕ್ ಕೆಲವೇ ಡಾಲರಿಗೆ ಸಿಗುತ್ತದೆ. ಹೆಸರಿನ ಮುಂದೆ ‘ಓಎಸ್‌ಎಂ’ ಇದ್ದರೆ ಫೋರ್ಟಾಮೆಟ್ ಬ್ರಾಂಡಿನದು: ಪೊರೆಗೆ ಲೇಸರ್‌ನಲ್ಲಿ ತೂತು ಕೊರೆದು, ಔಷಧಿ ಅದರಿಂದ ಜಿನುಗುವಂತೆ ಮಾಡಿದ ಮಾತ್ರೆ. ‘ಎಂಓಡಿ’ ಇದ್ದರೆ ಗ್ಲುಮೆಟ್ಜಾದ್ದು. ಒಳಗಿನ ಔಷಧಿ ಅದೇ, ಮಿಲಿಗ್ರಾಂ ಅಷ್ಟೇ. ದರ ಮಾತ್ರ ಎಷ್ಟೋ ಪಟ್ಟು. ಡಾಕ್ಟರು ಕಂಪ್ಯೂಟರಿನ ಪಟ್ಟಿಯಲ್ಲಿ ತಪ್ಪಿ ಒಂದು ಸಾಲು ಕೆಳಗೆ ಒತ್ತಿದರೆ ಆಯಿತು, ದುಬಾರಿಯದೇ ಗಂಟು ಬೀಳುತ್ತದೆ. ಇವು ಒಂದಕ್ಕೊಂದು ಸಮ ಎಂದು ದಾಖಲಾಗಿಲ್ಲವಾದ್ದರಿಂದ ಫಾರ್ಮಸಿಸ್ಟ್ ತಾನಾಗಿ ಬದಲಿಸುವಂತಿಲ್ಲ. ಆಗ ಕೂಪನ್ ಹುಡುಕುತ್ತ ಕೂರುವುದು ದಂಡ. ಕ್ಲಿನಿಕ್ಕಿಗೆ ಫೋನ್ ಮಾಡಿ ಆ ಮೂರಕ್ಷರ ತೆಗೆಸಬೇಕು. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್‌ನದೂ ಇದೇ ಗೋಳು: ಕ್ಯಾಪ್ಸೂಲ್ ಅಗ್ಗ, ಮಾತ್ರೆ ದುಬಾರಿ.

ಬಿಲ್ಲು ಯಾರಿಗೆ ಹೋಗಬೇಕೆಂದು ಹೇಳುವ ಕೂಪನ್ನಿನ ಬಿನ್, ಪಿಸಿಎನ್, ಗ್ರೂಪ್ ನಂಬರುಗಳನ್ನು ಫಾರ್ಮಸಿಯವರು ಹೊಡೆದಾಗ ಬಿಲ್ಲು ಇನ್ಶೂರೆನ್ಸನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಎರಡನ್ನೂ ಸೇರಿಸಲು ಬರುವುದಿಲ್ಲ. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ) ಇದ್ದವರಿಗೂ ಅಷ್ಟೇ. ಕೊಟ್ಟ ದುಡ್ಡು ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ, ಅಂದರೆ ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುಂಚೆ ವರ್ಷಕ್ಕಿಷ್ಟೆಂದು ನಾವೇ ಭರಿಸಬೇಕಾದ ಮೊತ್ತಕ್ಕೆ, ಬೀಳುವುದಿಲ್ಲ. ವರ್ಷದೊಳಗೆ ಆಪರೇಷನ್ ಇರುವವರು ಇಲ್ಲಿ ಹತ್ತು ಡಾಲರ್ ಉಳಿಸಿ ಖುಷಿಪಡುವ ಮುಂಚೆ ಇದನ್ನು ಕೂಡಿಸಿ ನೋಡಬೇಕು. ಅಗ್ಗ ಕಂಡಲ್ಲೆಲ್ಲ ಅಂಗಡಿ ಬದಲಿಸಿದರೆ, ಯಾವ ಮಾತ್ರೆಗೆ ಯಾವುದು ಆಗದು ಎಂದು ಪೂರ್ತಿ ಪಟ್ಟಿ ನೋಡಿ ಹೇಳುವವರೂ ಇರುವುದಿಲ್ಲ.

ಕೂಪನ್ನು ‘ಪುಕ್ಕಟೆ’ ಎನ್ನುತ್ತಾರಲ್ಲ, ಅದೊಂದು ಸಿಟ್ಟು. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗಳಿಗೆ ದಾಟಿಸಿದ ಆರೋಪದಲ್ಲಿ ಕೂಪನ್ ಕಂಪನಿ ಗುಡ್‌ಆರ್‌ಎಕ್ಸ್ 2023ರಲ್ಲಿ 15 ಲಕ್ಷ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ತಪ್ಪು ಮಾತ್ರ ಒಪ್ಪಲಿಲ್ಲ.

ಕೌಂಟರಿನಲ್ಲಿ ಮೂರು ದರ ಕೇಳಿ: ಇನ್ಶೂರೆನ್ಸಿನದು, ಕೂಪನ್ನಿನದು, ಎರಡೂ ಇಲ್ಲದ್ದು. ಫಾರ್ಮಸಿಸ್ಟರ ಬಾಯಿ ಕಟ್ಟುವ ಕರಾರುಗಳನ್ನು 2018ರ ಕಾನೂನು ತೆಗೆದುಹಾಕಿದೆ, ಕೇಳಿದರೆ ಹೇಳುತ್ತಾರೆ. 30 ಮಾತ್ರೆಗೂ 90ಕ್ಕೂ ಬೇರೆಬೇರೆಯಾಗಿ ಕೇಳಿ. ಹೋದ ತಿಂಗಳ ಸ್ಕ್ರೀನ್‌ಶಾಟ್ ತೋರಿಸಿ ಜಗಳಕ್ಕೆ ನಿಲ್ಲಬೇಡಿ. ದರ ಬದಲಾಗಿರುತ್ತದೆ, ಹಿಂದೆ ಕ್ಯೂ ಬೇರೆ ಬೆಳೆದಿರುತ್ತದೆ.